ಸಾರಿಗೆ ಉಪ್ಪಿಲ್ಲ ಅಂತ ನನಗೆ ಗೊತ್ತಾಗಲಿಲ್ಲ

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. 22 ವರ್ಷದಿಂದ ಅದೇ ಕೆಲಸ. ವಯಸ್ಸು 51. ಸಕ್ಕರೆ ಕಾಯಿಲೆ ಬಂದು 9 ವರ್ಷ ಆಯಿತು. ಖಿನ್ನತೆ ಅನ್ನುವ ಪದವನ್ನು ಪೇಪರಿನಲ್ಲಿ ಓದಿದ್ದೆ, ಅಷ್ಟೇ. ಅದು ಓದಿದವರಿಗೆ, ಪೇಟೆಯವರಿಗೆ ಬರುವ ಕಾಯಿಲೆ ಅಂದುಕೊಂಡಿದ್ದೆ.

ನನಗೆ ಮೊದಲು ಬಂದದ್ದು ಹೊಟ್ಟೆ ಉರಿ. ಆಮೇಲೆ ಬೆನ್ನು. ಕುತ್ತಿಗೆಯಿಂದ ಸೊಂಟದವರೆಗೆ, ಯಾರೋ ಮೂಟೆ ಹೊರಿಸಿ ಇಳಿಸೋದು ಮರೆತ ಹಾಗೆ. ಆಮೇಲೆ ನಿದ್ದೆ ಕೆಟ್ಟಿತು. ಹತ್ತಕ್ಕೆ ಮಲಗಿದರೆ ನಿದ್ದೆ ಬರುತ್ತಿತ್ತು, ಆದರೆ ಮೂರೂವರೆಗೆ ಸರಿಯಾಗಿ ಎಚ್ಚರ. ಅಲಾರಂ ಇಟ್ಟ ಹಾಗೆ. ಅಲ್ಲಿಂದ ಬೆಳಕು ಹರಿಯೋವರೆಗೆ ಎದೆ ಭಾರ. ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ 7 ಕೆ.ಜಿ. ಇಳಿದೆ. "ಏನ್ ಡಯಟ್ ಮಾಡ್ತಿದೀರಾ, ನಮಗೂ ಹೇಳಿ" ಎಂದು ಪಕ್ಕದ ಅಂಗಡಿಯವರು ಹೊಗಳಿದರು.

ನಾನೂ ಮನೆಯವರೂ ಇದನ್ನು ಗ್ಯಾಸ್ಟ್ರಿಕ್ ಅಂದೆವು. ನಮ್ಮ ಕಡೆ ಅರ್ಧ ಕಾಯಿಲೆಗೆ ಇರೋ ಹೆಸರೇ ಅದು. ಎಂಡೋಸ್ಕೋಪಿ ಮಾಡಿಸಿದೆ, ಇಸಿಜಿ ಮಾಡಿಸಿದೆ, ಹೊಟ್ಟೆ ಸ್ಕ್ಯಾನ್, ಬೆನ್ನಿನ ಎಕ್ಸ್‌ರೇ. ಎಲ್ಲ ನಾರ್ಮಲ್. ನಾರ್ಮಲ್ ಅಂದರೆ ಖುಷಿ ಆಗಬೇಕಲ್ವಾ? ನನಗೆ ಸಿಟ್ಟು ಬಂತು. ನೋವಿದೆ, ತೋರಿಸೋಕೆ ರಸೀದಿ ಇಲ್ಲ. ಲೆಕ್ಕದವನಿಗೆ ಇದಕ್ಕಿಂತ ಸಂಕಟ ಇನ್ನೊಂದಿಲ್ಲ.

ನಾರ್ಮಲ್ ಇಲ್ಲದ ರಿಪೋರ್ಟ್ ಒಂದೇ ಒಂದು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.2 ಇದ್ದದ್ದು 9.4ಕ್ಕೆ ಏರಿತ್ತು. ಡಾಕ್ಟರು ಒಬ್ಬರು ಸಿಹಿ ತಿಂತೀರಾ ಎಂದು ಬೈದು ಕಳಿಸಿದರು. ಊಟವೇ ಸೇರದವನು ಸಿಹಿ ಎಲ್ಲಿ ತಿನ್ನಲಿ? ಆದರೆ ಮಾತ್ರೆ ಮರೆಯುತ್ತಿದ್ದೆ, ಊಟದ ಬದಲು ಬನ್ನು-ಟೀ ಆಗುತ್ತಿತ್ತು, ವಾಕಿಂಗ್ ನಿಂತು ಹೋಗಿತ್ತು. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಆಮೇಲೆ ಒಂದು ದಿನ ಖಾತೆಯಲ್ಲಿ 18,000 ಬರೆಯೋ ಜಾಗದಲ್ಲಿ 1,80,000 ಬರೆದೆ. ಸಾಹುಕಾರರು ಬೈಯಲಿಲ್ಲ. "ಹುಷಾರಿಲ್ವೇನಯ್ಯಾ ನಿಂಗೆ?" ಅಂದರು. ಬೈದಿದ್ದರೇ ವಾಸಿ ಅನ್ನಿಸಿತು.

ಕಾಯಿಲೆ ಪತ್ತೆ ಹಚ್ಚಿದ್ದು ಯಾವ ಡಾಕ್ಟರೂ ಅಲ್ಲ, ನನ್ನ ಹೆಂಡತಿ. ಮನೆ ಹತ್ತಿರದ ಬೇರೊಬ್ಬ ಡಾಕ್ಟರ ಹತ್ತಿರ ನನ್ನ ಜೊತೆ ಬಂದು, ಅವರು ಕೇಳುವ ಮೊದಲೇ ಹೇಳಿದಳು: "ಮೊನ್ನೆ ಸಾರಿಗೆ ಉಪ್ಪು ಹಾಕೋದೇ ಮರೆತಿದ್ದೆ ಡಾಕ್ಟ್ರೇ. ಇವರು ಸುಮ್ನೆ ಉಂಡು ಎದ್ದು ಹೋದ್ರು. ಮದ್ವೆ ಆಗಿ 26 ವರ್ಷದಲ್ಲಿ ಒಂದು ದಿನ ಹಿಂಗ್ ಮಾಡಿದವರಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಖಿನ್ನತೆ ಇದೆಯಾ ಎಂದು ನೋಡೋಕೆ ಒಂಬತ್ತು ಪ್ರಶ್ನೆ ಇರುವ ಒಂದು ಹಾಳೆ ತೆಗೆದರು. ಅದಕ್ಕೆ ಪಿಎಚ್‌ಕ್ಯೂ-9 ಅಂತಾರೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇರಲಿಲ್ಲವೇ, ನಿದ್ದೆ ಹೇಗೆ, ಸುಸ್ತು ಎಷ್ಟು, ಹಸಿವು ಹೇಗೆ, ಇಂಥವು. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ನನಗೆ 17 ಬಂತು. ಹತ್ತು ಬಂದರೇ ಗಮನ ಕೊಡಬೇಕಂತೆ. ಒಂಬತ್ತನೇ ಪ್ರಶ್ನೆ, ಬದುಕಿರೋದಕ್ಕಿಂತ ಸಾಯೋದೇ ವಾಸಿ ಅನ್ನಿಸಿದೆಯಾ ಅಂತ. ಹೆಂಡತಿ ಪಕ್ಕದಲ್ಲೇ ಇದ್ದಳು. "ಬೆಳಗಾಗದಿದ್ರೆ ಸಾಕು ಅನ್ಸುತ್ತೆ" ಅಂದೆ. ಅವಳ ಮುಖ ನೋಡಲಿಲ್ಲ. ಈಗ ಯೋಚಿಸಿದರೆ ಅವತ್ತು ನಾನು ಮಾಡಿದ ಒಳ್ಳೆ ಕೆಲಸ ಅದೊಂದೇ, ಸುಳ್ಳು ಹೇಳಲಿಲ್ಲ.

ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ರಕ್ತಹೀನತೆ ಇದ್ದರೂ ಮೈ ಹೀಗೇ ಆಗಬಹುದು, ಅದಕ್ಕೇ ಆ ಪರೀಕ್ಷೆಗಳನ್ನೂ ಮಾಡಿಸಿದರು. ಅವೂ ಸರಿ ಇದ್ದವು. ಹಾಗಾದರೆ ಬೆನ್ನು ನೋವು ಸುಳ್ಳಾ, ಮನಸ್ಸಿನ ಭ್ರಮೆಯಾ ಎಂದು ಕೇಳಿದೆ. ಅಲ್ಲ, ನೋವು ನಿಜ ಅಂದರು. ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಮೈಯ ನೋವಿನ ಸುದ್ದಿ ಮಿದುಳಿಗೆ ಹೋಗುವ ದಾರಿಯಲ್ಲಿ ಒಂದು ಗೇಟಿದೆ. ಬೇಡದ ಸಣ್ಣಪುಟ್ಟ ನೋವನ್ನು ಅದು ಒಳಗೆ ಬಿಡೋದಿಲ್ಲ. ಆ ಗೇಟು ಕಾಯುವ ಸೆರೊಟೋನಿನ್ ಥರದ ರಾಸಾಯನಿಕಗಳೇ ಮೂಡ್ ನೋಡಿಕೊಳ್ಳೋದರಲ್ಲೂ ಇವೆ. ಅವುಗಳ ಕೆಲಸ ಏರುಪೇರಾದರೆ ಸಣ್ಣ ನೋವೂ ದೊಡ್ಡದಾಗಿ ಒಳಗೆ ಬರುತ್ತದೆ. ಇನ್ನು ಕಾರ್ಟಿಸಾಲ್ ಅನ್ನೋ ಹಾರ್ಮೋನು. ಅದು ಎಲ್ಲರಿಗೂ ಬೆಳಗಿನ ಹೊತ್ತು ಜಾಸ್ತಿ. ಖಿನ್ನತೆ ಇರೋ ಅನೇಕರಲ್ಲಿ ಅದರ ಹತೋಟಿ ತಪ್ಪಿರುತ್ತದೆ, ಅದು ಸಕ್ಕರೆಯನ್ನೂ ಏರಿಸುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಖಿನ್ನತೆ ಬರೋ ಸಾಧ್ಯತೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು ಅಂತ ನನಗೆ ಅವತ್ತೇ ಗೊತ್ತಾಗಿದ್ದು. 9 ವರ್ಷದಲ್ಲಿ ನನ್ನ ಪಾದ ನೋಡಿದ್ದಾರೆ, ಕಣ್ಣು ನೋಡಿದ್ದಾರೆ, ಕಿಡ್ನಿ ನೋಡಿದ್ದಾರೆ. ಇದನ್ನು ಯಾರೂ ಕೇಳಿರಲಿಲ್ಲ.

ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆ. ಮೊದಲ ಮಂಗಳವಾರ ಯಾರಾದರೂ ಪರಿಚಯದವರು ಸಿಕ್ಕಾರೆಂದು ಟವೆಲ್ ಹೊದ್ದು ಕೂತಿದ್ದೆ. ಎದುರಿನ ಬೆಂಚಿನಲ್ಲಿ ನಮ್ಮ ಮಂಡಿಗೇ ಕೊಬ್ಬರಿ ತರುವ ರೈತರೊಬ್ಬರು ಇದ್ದರು. ಇಬ್ಬರೂ "ಹ್ಞೂಂ" ಅಂದುಕೊಂಡೆವು.

ಎಸ್ಸಿಟಾಲೋಪ್ರಾಮ್ ಅನ್ನೋ ಮಾತ್ರೆ ಕೊಟ್ಟರು. ಮೊದಲು 5 ಮಿಲಿಗ್ರಾಂ, ಆಮೇಲೆ 10. ಇದರ ಬಗ್ಗೆ ನನಗೆ ಆದದ್ದನ್ನು ಆದ ಹಾಗೇ ಹೇಳಬೇಕು. ಮೊದಲ ಹತ್ತು ದಿನ ವಾಕರಿಕೆ, ಕೈ ನಡುಕ, ಚಡಪಡಿಕೆ ಜಾಸ್ತಿಯೇ ಆಯಿತು. ಬಿಟ್ಟುಬಿಡೋಣ ಅನ್ನಿಸಿತು. ಡಾಕ್ಟರು ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ಮೂರನೇ ವಾರ ನಿದ್ದೆ ಸುಧಾರಿಸಿತು. ಮನಸ್ಸು ಹಗುರ ಆಗೋಕೆ ಆರು ವಾರ ಹಿಡಿಯಿತು. ದಾಂಪತ್ಯದ ಆಸೆಯೂ ಕಮ್ಮಿ ಆಯಿತು. ಇದನ್ನು ನಾಚಿಕೆ ಬಿಟ್ಟು ಕೇಳಿದ ಮೇಲೆ ಡಾಕ್ಟರು, ಇದು ಮಾತ್ರೆಯ ಗುಣ, ಹಲವರಿಗೆ ಆಗುತ್ತೆ, ದಾರಿ ಇದೆ ಅಂದರು.

ನಾಲ್ಕನೇ ತಿಂಗಳು ಚೆನ್ನಾಗಿದ್ದೀನಲ್ಲ ಎಂದು ನಾನೇ ಮಾತ್ರೆ ನಿಲ್ಲಿಸಿದೆ. ದಡ್ಡತನ. ಮೂರನೇ ದಿನಕ್ಕೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ತಲೆಸುತ್ತು. ಎರಡು ವಾರಕ್ಕೆ ಮೂರೂವರೆ ಎಚ್ಚರ ವಾಪಸ್ ಬಂತು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ಬಿಡುವಾಗ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು ಎಂದು ಚೀಟಿಯಲ್ಲಿ ಬರೆದೇ ಇತ್ತು. ನಾನು ಊರ ಜನರ ಚೀಟಿ ಎಲ್ಲ ಓದುತ್ತೇನೆ, ನನ್ನದು ಓದಿರಲಿಲ್ಲ.

ಮಾತ್ರೆ ಜೊತೆಗೆ ನನಗೆ ಕೈಹಿಡಿದದ್ದು ಕಿರ್ದಿ ಪುಸ್ತಕ. ಆಸ್ಪತ್ರೆಯ ಆಪ್ತ ಸಮಾಲೋಚಕಿ "ನೀವು ಲೆಕ್ಕದವರಲ್ವಾ, ದಿನದ ಲೆಕ್ಕ ಬರೀರಿ" ಅಂದರು. ಹೊತ್ತು, ಏನು ಮಾಡಿದೆ, ಮಾಡೋ ಮೊದಲು ಭಾರ ಎಷ್ಟು, ಮಾಡಿದ ಮೇಲೆ ಎಷ್ಟು. ಹತ್ತಕ್ಕೆ ಅಂಕ. ಎರಡು ವಾರ ನಂಬಿಕೆ ಇಲ್ಲದೇ ಬರೆದೆ. ಆಮೇಲೆ ಒಟ್ಟು ಹಾಕಿ ನೋಡಿದರೆ ಆಶ್ಚರ್ಯ. ಮಲಗಿಕೊಂಡರೆ ಸುಸ್ತು ಕಮ್ಮಿ ಆಗುತ್ತೆ ಅಂತ ನಾನು ಅಂದುಕೊಂಡಿದ್ದೆ. ಪುಸ್ತಕದಲ್ಲಿ ಮಲಗೋ ಮೊದಲು 7, ಎದ್ದ ಮೇಲೆ 8. ಬೆಳಿಗ್ಗೆ ಕೆರೆ ಏರಿ ಮೇಲೆ ನಡೆಯೋ ಮೊದಲು 8, ಬಂದ ಮೇಲೆ 6. ಹೋಗೋ ಮನಸ್ಸು ಒಂದು ದಿನವೂ ಇರಲಿಲ್ಲ, ಆದರೂ ಎರಡು ಅಂಕ ಜಮಾ. ವಾರದಲ್ಲಿ ಎಲ್ಲಕ್ಕಿಂತ ಕೆಟ್ಟ ದಿನ ಭಾನುವಾರ. ಕೆಲಸ ಇಲ್ಲ, ಹನ್ನೊಂದರವರೆಗೆ ಹಾಸಿಗೆ.

ಅಲ್ಲಿಂದ ಒಂದು ಒಪ್ಪಂದ ಮಾಡಿಕೊಂಡೆ. ಮನಸ್ಸನ್ನು ಕೇಳೋದಿಲ್ಲ, ಗಡಿಯಾರ ಕೇಳೋದು. 5.45ಕ್ಕೆ ಏಳೋದು, ಭಾನುವಾರವೂ. ವಾಕಿಂಗ್ ಹೋಗಬೇಕು ಎಂದು ಬರೆದುಕೊಳ್ಳಲಿಲ್ಲ, ಚಪ್ಪಲಿ ಹಾಕಿಕೊಳ್ಳಬೇಕು ಎಂದು ಮಾತ್ರ ಬರೆದೆ. ಚಪ್ಪಲಿ ಹಾಕಿದ ಮೇಲೆ ಹತ್ತರಲ್ಲಿ ಏಳು ದಿನ ಕಾಲು ತಾನೇ ಹೋಗುತ್ತಿತ್ತು. ಮೂರೂವರೆಗೆ ಎಚ್ಚರ ಆದರೆ ಹೊರಳಾಡದೇ ಎದ್ದು ಪಡಸಾಲೆಯಲ್ಲಿ ಕೂರೋದು, ನಿದ್ದೆ ತೂಗಿದಾಗ ವಾಪಸ್. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಟ್ಟೆ. ನಾಲ್ಕು ಗಂಟೆ ಮೇಲೆ ಟೀ ಬಂದ್. ಮುದ್ದೆ ಇಳಿಯದಿದ್ದರೆ ಮೊಸರನ್ನ, ಬೇಯಿಸಿದ ಮೊಟ್ಟೆ. ಸಕ್ಕರೆ ಮಾತ್ರೆಯನ್ನು ಹಲ್ಲುಜ್ಜೋ ಬ್ರಷ್ ಪಕ್ಕದಲ್ಲಿಟ್ಟೆ.

ಅಂಥ ಒಂದು ಮೂರೂವರೆಗೆ ಪಡಸಾಲೆಯಲ್ಲಿ ಕೂತು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದೂ ಉಂಟು. ಸರ್ಕಾರದ್ದು, ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಿದರು. ಬೆಳಗಾಗದಿದ್ದರೆ ಸಾಕು ಅನ್ನೋದು ಗಟ್ಟಿಯಾಗಿದ್ದ ರಾತ್ರಿ ಅದು. ಹೆಂಡತಿಯನ್ನು ಎಬ್ಬಿಸಿ ಅಂದರು. ಎಬ್ಬಿಸಿದೆ.

ಕೈಹಿಡಿಯದೇ ಇದ್ದವೂ ಇವೆ. ಬಾವ ಕಳಿಸಿದ ಪ್ರಾಣಾಯಾಮದ ವಿಡಿಯೋ ನಲವತ್ತು ನಿಮಿಷದ್ದು, ಐದನೇ ನಿಮಿಷಕ್ಕೇ ಗಾಬರಿ ಆಗುತ್ತಿತ್ತು. ಹರಕೆ ಹೊತ್ತಿದ್ದು ನನ್ನ ಅತ್ತೆಗೆ ಸಮಾಧಾನ ಕೊಟ್ಟಿತು, ಇರಲಿ. "ಧೈರ್ಯ ತಂದ್ಕೋ" ಅಂದವರು ಎಷ್ಟು ಜನವೋ. ಅದು ಯಾವ ಅಂಗಡಿಯಲ್ಲಿ ಸಿಗುತ್ತೆ ಎಂದು ಕೇಳೋಣ ಅನ್ನಿಸುತ್ತಿತ್ತು. ಸಾಹುಕಾರರಿಗೆ ನಿಜ ಹೇಳಿದಾಗ ಅವರು ಧೈರ್ಯದ ಮಾತೇ ಎತ್ತಲಿಲ್ಲ. "ಎರಡು ತಿಂಗಳು ದೊಡ್ಡ ಖಾತೆ ಹುಡುಗ ಬರೀಲಿ, ನೀನು ಪಕ್ಕದಲ್ಲಿ ಕೂತು ಚೀಟಿ ತಾಳೆ ನೋಡು" ಅಂದರು. ಔಷಧಿಯಷ್ಟೇ ಕೆಲಸ ಮಾಡಿತು ಅದು.

ಮಾತ್ರೆ ಮತ್ತೆ ಶುರುಮಾಡಿ ಈಗ ಹನ್ನೊಂದು ತಿಂಗಳು. ಎಚ್‌ಬಿಎ1ಸಿ 7.4. ಕಳೆದುಕೊಂಡ 7 ಕೆ.ಜಿ.ಯಲ್ಲಿ 5 ವಾಪಸ್ ಬಂದಿದೆ. ಹೊಟ್ಟೆ ಉರಿ ಹೋಗಿದೆ. ಬೆನ್ನು ನೋವು ಪೂರ್ತಿ ಹೋಗಿಲ್ಲ, ದಿನಕ್ಕೆ ಹತ್ತು ಗಂಟೆ ಬಗ್ಗಿ ಬರೆಯುವವನಿಗೆ ಅಷ್ಟು ಇರುತ್ತೇನೋ. ಮುಂದಿನ ಮಂಗಳವಾರದಿಂದ ಮಾತ್ರೆ ಇಳಿಸೋಣ ಅಂದಿದ್ದಾರೆ, ಹತ್ತರಿಂದ ಐದಕ್ಕೆ. ಭಯ ಇದೆ. ಕಿರ್ದಿ ಪುಸ್ತಕ ತಗೊಂಡು ಹೋಗುತ್ತೇನೆ, ಇದು ಮೂರನೆಯದು.