ಎಚ್4350 ಸಿಗದಿದ್ದಾಗ ಬೇಟೆಯ ತೋಟಾಗೆ ಬೇರೆ ಮದ್ದು ಹುಡುಕಿದ್ದು

ನನ್ನ .30-06 ರೈಫಲ್‌ನ ತೋಟಾಗಳನ್ನು ನಾನೇ ತುಂಬಿಕೊಳ್ಳುತ್ತೇನೆ, ಬಹಳ ವರ್ಷ ಅವಕ್ಕೆ ಒಂದೇ ಮದ್ದು ಹಾಕುತ್ತಿದ್ದೆ. ಹಾಜ್ಡನ್ ಕಂಪನಿಯ ಎಚ್4350. 165 ಗ್ರೇನ್ (ಗ್ರೇನ್ ಅಂದರೆ ತೂಕದ ಸಣ್ಣ ಅಳತೆ) ಗುಂಡು, 22 ಇಂಚಿನ ಬ್ಯಾರೆಲ್. ಇಲ್ಲಿ ಮೊಂಟಾನಾದ ಬೋಜ್‌ಮನ್ ಸುತ್ತಮುತ್ತ ಎಲ್ಕ್, ಮ್ಯೂಲ್ ಡೀರ್ ಅನ್ನುವ ಎರಡು ಜಾತಿ ಜಿಂಕೆಗೂ ಅದೇ ತೋಟಾ ಸಾಕಾಗುತ್ತಿತ್ತು. 2020ರಲ್ಲಿ ಕೊರೋನಾ ಬಂದ ಮೇಲೆ ಆ ಡಬ್ಬಿ ಅಂಗಡಿಯಿಂದ ಮಾಯವಾಯಿತು. ಆಮೇಲೆ ಸ್ವಲ್ಪ ಬಂತು, ಮತ್ತೆ ಹೋಯಿತು. ಕೊನೆಗೆ ಕಾಯುವುದು ಬಿಟ್ಟು ಬೇರೆ ಮದ್ದಿಗೆ ಹೋದೆ. ಹೇಗೆ ಆರಿಸಿದೆ ಅಂತ ಬರೆಯುತ್ತಿದ್ದೇನೆ.

ಮೊದಲೇ ಎರಡು ಮಾತು. ನನ್ನ ಊರು ಸಕಲೇಶಪುರದ ಕಡೆ. ಮನೆಯಲ್ಲಿ ಬೆಳೆ ಕಾಯಲು ಲೈಸೆನ್ಸ್ ಇದ್ದ ಕೋವಿ ಇತ್ತು. ಆದರೆ ತೋಟಾ ತುಂಬುವ ಕೆಲಸ ಕಲಿತದ್ದು ಅಮೆರಿಕಕ್ಕೆ ಬಂದ ಮೇಲೆ. ಇಲ್ಲಿ ಇದು ಕಾನೂನಿನ ಒಳಗಿನ ಹವ್ಯಾಸ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಈಗ ಬೇಟೆಯ ಮಾತೇ ಇಲ್ಲ, ಹಾಗಾಗಿ ಊರಿನವರು ಇದನ್ನು ಸುಮ್ನೆ ಓದಿಕೊಳ್ಳಿ. ಎರಡನೆಯದು, ಎಷ್ಟು ಗ್ರೇನ್ ಮದ್ದು ಹಾಕಬೇಕು ಅನ್ನುವ ಲೆಕ್ಕ ಬೇಕೆಂದೇ ಬರೆದಿಲ್ಲ. ಅದು ನಿಮ್ಮ ಗುಂಡಿಗೆ ಸರಿಯಾದ ಪುಸ್ತಕದಿಂದಲೇ ಬರಬೇಕು.

ಒಮ್ಮೆ ಫೋನಿನಲ್ಲಿ ಚಿಕ್ಕಪ್ಪನ ಮಗ ಕೇಳಿದ, "ಅಣ್ಣ, ಮದ್ದು ಮದ್ದೇ ಅಲ್ವಾ? ಯಾವುದೋ ಒಂದು ಹಾಕಿದ್ರೆ ಆಗಲ್ವಾ?" ಅಜ್ಜನ ಕಾಲದ ಕೇಪಿನ ಕೋವಿಗೆ ಹಾಕುವ ಕರಿಮದ್ದು ನೋಡಿದವನು, ಹಾಗೆ ಕೇಳಿದ್ದು ಸಹಜ. ರೈಫಲ್‌ನ ಹೊಗೆರಹಿತ ಮದ್ದು ಬೇರೆಯೇ ಜಾತಿ. ಒಂದೊಂದೂ ಉರಿಯುವ ವೇಗ ಬೇರೆ. ಬೇಗ ಉರಿಯುವುದನ್ನು ನಿಧಾನದ ಮದ್ದಿನ ಅಳತೆಯಲ್ಲಿ ತುಂಬಿದರೆ ರೈಫಲ್ ಸೀಳಿಹೋಗಬಹುದು. .30-06ಗೆ ಇಲ್ಲಿನ ಉದ್ಯಮ ಒಪ್ಪಿಕೊಂಡ ಗರಿಷ್ಠ ಒತ್ತಡ ಚದರ ಇಂಚಿಗೆ 60,000 ಪೌಂಡ್. ಅದು ನಿಮ್ಮ ಮುಖದಿಂದ ಗೇಣು ದೂರದಲ್ಲಿ ನಡೆಯುವ ಕೆಲಸ.

ಕೊರತೆ ಯಾಕೆ ಬಂತು? ಎಚ್4350 ತಯಾರಾಗುವುದು ಆಸ್ಟ್ರೇಲಿಯಾದ ಮುಲ್ವಾಲಾದಲ್ಲಿ. ಅಲ್ಲಿಂದ ಹಡಗಿನಲ್ಲಿ ಬರಬೇಕು. ಜೊತೆಗೆ 6.5 ಕ್ರೀಡ್‌ಮೋರ್ ಅನ್ನುವ ತೋಟಾ ಬಳಸುವವರೆಲ್ಲ ಇದರ ಹಿಂದೆಯೇ ಬಿದ್ದಿದ್ದಾರೆ. ಇನ್ನೊಂದು ಕಾರಣ ನೈಟ್ರೋಸೆಲ್ಯುಲೋಸ್. ಎಲ್ಲ ಹೊಗೆರಹಿತ ಮದ್ದಿನ ಮೂಲ ಅದೇ. ಅದನ್ನು ಹೆಚ್ಚಾಗಿ ಮಾಡುವುದು ಹತ್ತಿಕಾಳಿಗೆ ಅಂಟಿಕೊಂಡಿರುವ ಗಿಡ್ಡ ನಾರಿನಿಂದ. ಉಕ್ರೇನ್ ಯುದ್ಧ ಶುರುವಾದ ಮೇಲೆ ಫಿರಂಗಿ ಗುಂಡುಗಳಿಗೇ ಅದು ಸಾಲದಾಯಿತು. ನಮ್ಮಂಥ ಹವ್ಯಾಸಿಗಳು ಸಾಲಿನ ಕೊನೆಯಲ್ಲಿ. ಒಂದು ಕಾಲಕ್ಕೆ ಮೂವತ್ತು ಡಾಲರ್ ಆಸುಪಾಸಿನಲ್ಲಿದ್ದ ಪೌಂಡ್ ಡಬ್ಬಿ ಐವತ್ತು ದಾಟಿತು. ಆನ್‌ಲೈನ್‌ನಲ್ಲಿ ತರಿಸಿದರೆ ಅಪಾಯಕಾರಿ ಸರಕಿನ ಶುಲ್ಕ ಬೇರೆ.

ಗಾಬರಿ ಬೀಳುವ ಮೊದಲು ಒಂದು ಲೆಕ್ಕ ಹಾಕಿದೆ. ಒಂದು ಪೌಂಡ್ ಅಂದರೆ 7000 ಗ್ರೇನ್. .30-06ರ ಒಂದು ತೋಟಾಗೆ ಅಂದಾಜು 55 ಗ್ರೇನ್ ಅಂತ ಹಿಡಿದರೂ ಒಂದು ಡಬ್ಬಿಯಲ್ಲಿ 120ರ ಮೇಲೆ ತೋಟಾ ಆಗುತ್ತವೆ. ವಾರಾವಾರ ಸ್ಪರ್ಧೆಗೆ ಹೋಗುವವರಿಗೆ ಅದು ಏನೂ ಅಲ್ಲ. ಬೇಟೆಗಾರನಿಗೆ ಎರಡು ಡಬ್ಬಿ ಅಂದರೆ ಲೋಡ್ (ಗುಂಡಿಗೆ ತಕ್ಕ ಮದ್ದಿನ ಅಳತೆ) ಹೊಂದಿಸಿ, ಗುರಿ ಕಟ್ಟಿ, ಆಮೇಲೂ ಹಲವು ಸೀಸನ್ ಓಡುವಷ್ಟು. ಎಂಟು ಪೌಂಡಿನ ಜಾಡಿ ಹುಡುಕಿಕೊಂಡು ಅಲೆಯುವ ಅಗತ್ಯ ನನಗಿರಲಿಲ್ಲ. ಎರಡೂ ಡಬ್ಬಿ ಒಂದೇ ಲಾಟ್ (ಒಟ್ಟಿಗೆ ತಯಾರಾದ ಕಂತು) ನಂಬರಿನದಾಗಿರಬೇಕು, ಅಷ್ಟೇ. ಲಾಟ್ ಬದಲಾದರೆ ಉರಿಯುವ ವೇಗವೂ ಸ್ವಲ್ಪ ಆಚೀಚೆ ಆಗುತ್ತದೆ.

ಇನ್ನು ಆಯ್ಕೆ. ಎಲ್ಲರೂ ಮೊದಲು ತೆಗೆಯುವುದು ಉರಿಯುವ ವೇಗದ ಪಟ್ಟಿಯನ್ನು. ಬೇಗ ಉರಿಯುವುದು ಮೇಲೆ, ನಿಧಾನದ್ದು ಕೆಳಗೆ. ಆ ಪಟ್ಟಿಯಿಂದ ಯಾವ ಮದ್ದಿನ ಲೆಕ್ಕ ಹುಡುಕಬೇಕು ಅಂತ ಮಾತ್ರ ಗೊತ್ತಾಗುತ್ತದೆ. ಪಕ್ಕಪಕ್ಕದಲ್ಲಿವೆ ಅಂತ ಒಂದರ ಅಳತೆ ಇನ್ನೊಂದಕ್ಕೆ ಆಗುವುದಿಲ್ಲ. ಪಟ್ಟಿಯಲ್ಲಿ ಎರಡರ ನಡುವಿನ ಅಂತರ ಎಷ್ಟು ಅನ್ನುವುದೂ ಇರುವುದಿಲ್ಲ.

ಹೆಸರನ್ನಂತೂ ನಂಬಲೇಬಾರದು. 4350 ಅನ್ನುವ ಅಂಕಿ ಹೊತ್ತ ಮದ್ದು ಕನಿಷ್ಠ ಮೂರಿವೆ: ಎಚ್4350, ಐಎಂಆರ್ 4350, ಆಕ್ಯುರೇಟ್ 4350. ಅಂಕಿ ಒಂದೇ, ಮದ್ದು ಮೂರೂ ಬೇರೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಇದರ ಉಲ್ಟಾನೂ ಇದೆ. ಎಚ್414 ಮತ್ತು ವಿಂಚೆಸ್ಟರ್ 760 ಹೆಸರು ಎರಡು, ಮದ್ದು ಒಂದೇ. ಒಂದು ಖಾಲಿಯಾಗಿ ಇನ್ನೊಂದರ ಡಬ್ಬಿ ಕಪಾಟಿನಲ್ಲಿ ಕೂತಿರುವುದನ್ನು ನೋಡಿದ್ದೇನೆ. ಗೊತ್ತಿಲ್ಲದವರು ಬರಿಗೈಲಿ ವಾಪಸ್ ಹೋಗುತ್ತಾರೆ.

ನಾನು ಮಾಡಿದ್ದು ಇಷ್ಟು. ಮನೆಯಲ್ಲಿ ಕೂತು ಉತ್ತಮ ಮದ್ದು ಯಾವುದು ಅಂತ ತೀರ್ಮಾನಿಸಿ ಅದರ ಹಿಂದೆ ಓಡಲಿಲ್ಲ. 165 ಗ್ರೇನ್ ಗುಂಡಿಗೆ .30-06ರಲ್ಲಿ ಪುಸ್ತಕದ ಲೆಕ್ಕ ಇರುವ ಮದ್ದುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡೆ. ಹಾಜ್ಡನ್‌ನವರ ಲೆಕ್ಕ ಅಂತರ್ಜಾಲದಲ್ಲೇ ಸಿಗುತ್ತದೆ. ಗುಂಡು ತಯಾರಿಸುವ ಸಿಯೆರಾ, ಹಾರ್ನಡಿ, ನೋಸ್ಲರ್‌ನವರ ಪುಸ್ತಕಗಳೂ ಇವೆ. ಪುಸ್ತಕದಲ್ಲಿ ಲೆಕ್ಕ ಇಲ್ಲದ ಮದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಚೀಟಿಗೆ ಸೇರಿಸಲಿಲ್ಲ. ಆ ಚೀಟಿ ಪರ್ಸಿನಲ್ಲಿಟ್ಟುಕೊಂಡು ಓಡಾಡಿದೆ. ಅಂಗಡಿಯಲ್ಲಿ ಏನಿದೆಯೋ ನೋಡಿ ಚೀಟಿ ನೋಡುವುದು.

ಚೀಟಿಯಲ್ಲಿ ಉಳಿದದ್ದು ಐದಾರು ಹೆಸರು. ಕೆನಡಾದ ಕ್ವಿಬೆಕ್‌ನಲ್ಲಿ ತಯಾರಾಗುವ ಐಎಂಆರ್ 4350 ಒಳ್ಳೆಯ ಹಳೆಯ ಮದ್ದು, 1940ರಿಂದ ಇದೆ. ಅದರ ಕಡ್ಡಿಯಂಥ ಕಾಳುಗಳು ಉದ್ದ, ಅಳೆಯುವ ಯಂತ್ರದಲ್ಲಿ ಸಿಕ್ಕಿ ಕಟಕಟ ಅನ್ನುತ್ತವೆ. ಅದು ದೊಡ್ಡ ವಿಷಯವಲ್ಲ, ನಾನು ಹೇಗೂ ಒಂದೊಂದನ್ನೂ ತೂಗಿಯೇ ಹಾಕುವವನು. ಆದರೆ ಅದೂ ಖಾಲಿ. ಎಚ್4831 ಇನ್ನೂ ನಿಧಾನ. ತೋಟಾದ ಹಿತ್ತಾಳೆ ಕೇಸ್ ಬಾಯಿವರೆಗೆ ತುಂಬಿದರೂ 165 ಗ್ರೇನ್ ಗುಂಡಿಗೆ ವೇಗ ಸ್ವಲ್ಪ ಕಡಿಮೆಯೇ, 180ಕ್ಕೆ ಪರವಾಗಿಲ್ಲ. ಎರಡನೇ ಮಹಾಯುದ್ಧ ಮುಗಿದಾಗ 20 ಮಿಲಿಮೀಟರ್ ಫಿರಂಗಿಯ ಮಿಕ್ಕ ಮದ್ದನ್ನು ಬ್ರೂಸ್ ಹಾಜ್ಡನ್ ಕೊಂಡು ಮಾರಿದ್ದು ಇದೇ 4831 ಹೆಸರಿನಲ್ಲಿ. ಈಗ ಯುದ್ಧದಿಂದ ಮದ್ದು ಸಿಗುತ್ತಿಲ್ಲ, ಆಗ ಯುದ್ಧದಿಂದಲೇ ಸಿಕ್ಕಿತ್ತು!

ಕೊನೆಗೆ ಕಪಾಟಿನಲ್ಲಿ ಕಂಡದ್ದು ಎರಡು ಬಾಲ್ ಪೌಡರ್: ವಿಂಚೆಸ್ಟರ್ 760 ಮತ್ತು ವಿಂಚೆಸ್ಟರ್ ಸ್ಟಾಬಾಲ್ 6.5. ಬಾಲ್ ಪೌಡರ್ ಅಂದರೆ ಕಡ್ಡಿಯಲ್ಲ, ದುಂಡಗಿನ ಸಣ್ಣ ಕಾಳು. ಎರಡೂ ತಯಾರಾಗುವುದು ಫ್ಲೋರಿಡಾದ ಸೇಂಟ್ ಮಾರ್ಕ್ಸ್‌ನಲ್ಲಿ. ಸಮುದ್ರ ದಾಟಿ ಬರಬೇಕಾಗಿಲ್ಲ. ಇದೂ ಒಂದು ಕಾರಣವಾಗಿ ನನ್ನ ಮನಸ್ಸು ಆ ಕಡೆ ವಾಲಿತು.

ಬಾಲ್ ಪೌಡರ್ ಬಗ್ಗೆ ಇಲ್ಲಿನ ಬೇಟೆಗಾರರ ದೂರು ಚಳಿಯದು. ಮೊಂಟಾನಾದಲ್ಲಿ ರೈಫಲ್ ಸೀಸನ್ ಅಕ್ಟೋಬರ್ ಕೊನೆಗೆ ಶುರುವಾಗಿ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಭಾನುವಾರದವರೆಗೆ. ನವೆಂಬರ್ ಬೆಳಗ್ಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೆ ಯಾರಿಗೂ ಆಶ್ಚರ್ಯವಿಲ್ಲ. ಚಳಿಯಲ್ಲಿ ವೇಗ ಇಳಿಯುತ್ತದೆ ಅನ್ನುವುದು ನಿಜ. ಆದರೆ ಅದರಿಂದ ಎಷ್ಟು ತೊಂದರೆ? ಸೆಕೆಂಡಿಗೆ 2800 ಅಡಿ ಓಡುವ ಗುಂಡು 60 ಅಡಿ ನಿಧಾನವಾಯಿತು ಅಂತಿಟ್ಟುಕೊಳ್ಳಿ. 200 ಗಜಕ್ಕೆ ಗುರಿ ಕಟ್ಟಿದ ರೈಫಲ್‌ನಲ್ಲಿ 300 ಗಜಕ್ಕೆ ಸುಮಾರು ಒಂದು ಇಂಚಿನ ವ್ಯತ್ಯಾಸ. ಎಲ್ಕ್‌ನ ಎದೆಗೂಡಿಗೆ ಅದು ಲೆಕ್ಕಕ್ಕೇ ಇಲ್ಲ. ಸಾವಿರ ಗಜದ ಸ್ಪರ್ಧೆಯವರ ಚಿಂತೆಯನ್ನು ನಾವು ಸುಮ್ನೆ ತಲೆಗೆ ಹಚ್ಚಿಕೊಂಡಿದ್ದೇವೆ ಅನ್ನಿಸುತ್ತದೆ.

ನಿಜವಾಗಿ ನೋಡಬೇಕಾದ್ದು ಬೇರೆ ಎರಡು. ಒಂದು, ಬೆಂಕಿ ಹತ್ತುವುದು. ಬಾಲ್ ಪೌಡರ್ ಹಸಿ ಸೌದೆ ಇದ್ದಂತೆ, ಕಿಡಿ ಗಟ್ಟಿಯಾಗಿರಬೇಕು, ಚಳಿಯಲ್ಲಂತೂ ಇನ್ನೂ. ಅದಕ್ಕೇ ಪ್ರೈಮರ್ ಮುಖ್ಯ, ಅಂದರೆ ತೋಟಾದ ಹಿಂಬದಿಯಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಸಣ್ಣ ಕೇಪು. ವಿಂಚೆಸ್ಟರ್‌ನ ದೊಡ್ಡ ರೈಫಲ್ ಪ್ರೈಮರ್ ಡಬ್ಬಿಯ ಮೇಲೆ ಸಾಧಾರಣ, ಮ್ಯಾಗ್ನಮ್ (ಹೆಚ್ಚು ಮದ್ದಿನ) ಎರಡೂ ಲೋಡಿಗೆ ಅಂತಲೇ ಇರುತ್ತದೆ. ನನಗೆ ಸಿಕ್ಕಿದ್ದೂ ಅದೇ. ಪ್ರೈಮರ್ ಬದಲಾಯಿಸಿದರೆ ಒತ್ತಡವೂ ಬದಲಾಗುತ್ತದೆ, ಆಗ ಮತ್ತೆ ಕೆಳಗಿನಿಂದ ಶುರು ಮಾಡಬೇಕು. ಹಾಗಂತ ಪುಸ್ತಕದ ಕನಿಷ್ಠಕ್ಕಿಂತಲೂ ಕೆಳಗೆ ಇಳಿಯಬಾರದು. ನಿಧಾನದ ಬಾಲ್ ಪೌಡರ್ ತೀರ ಕಡಿಮೆ ಹಾಕಿದರೆ ಅದು ಸರಿಯಾಗಿ ಹತ್ತದೆ ಬೇರೆಯೇ ಅಪಾಯ.

ಎರಡನೆಯದು ಸೆಕೆ. ತಾಪ ಏರಿದರೆ ಒತ್ತಡವೂ ಏರುತ್ತದೆ. ಫೆಬ್ರವರಿಯ ಹಿಮದಲ್ಲಿ ಗರಿಷ್ಠದ ಅಂಚಿಗೆ ಕಟ್ಟಿದ ಲೋಡನ್ನು ಜುಲೈನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕಾಯಿಸಿ ಹೊಡೆದರೆ? ಎಲ್ಲರೂ ಚಳಿ ಚಳಿ ಅನ್ನುತ್ತಾರೆ, ಅಪಾಯ ಇರುವುದು ಈ ಕಡೆ. ಹಾಗಾಗಿ ನಾನು ಲೋಡ್ ಹೊಂದಿಸುವುದು ಬೇಸಿಗೆಯಲ್ಲಿ. ಸೆಕೆಯಲ್ಲಿ ಸುರಕ್ಷಿತವಾಗಿದ್ದದ್ದು ಒತ್ತಡದ ಮಟ್ಟಿಗೆ ಸಾಮಾನ್ಯವಾಗಿ ಚಳಿಯಲ್ಲೂ ಸುರಕ್ಷಿತ. ಆಮೇಲೆ ಚಳಿ ಬಂದಾಗ ಕೆಲವು ತೋಟಾಗಳನ್ನು ರಾತ್ರಿಯಿಡೀ ಹೊರಗಿಟ್ಟು ಬೆಳಗ್ಗೆ ಹೊಡೆದು ನೋಡುತ್ತೇನೆ. ಎರಡು ಮದ್ದಿನಲ್ಲಿ ಸ್ಟಾಬಾಲ್ 6.5 ಆರಿಸಿದ್ದೂ ಇದೇ ಕಾರಣಕ್ಕೆ, ತಾಪಕ್ಕೆ ಅಷ್ಟಾಗಿ ಕದಲದಂತೆ ಅಂತಲೇ ಮಾಡಿದ ಮದ್ದು ಅದು. ನನ್ನ ರೈಫಲ್‌ನಲ್ಲಿ ಹಾಗೇ ನಡೆದುಕೊಂಡಿತು.

ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ ಮದ್ದು ಬದಲಾಯಿಸಬೇಡಿ ಅಂತಲೇ ಹೇಳುತ್ತೇನೆ. ಪ್ರೈಮರ್ ಚಪ್ಪಟೆಯಾಯಿತಾ, ಬೋಲ್ಟ್ (ರೈಫಲ್‌ನ ಹಿಂಬದಿ ಮುಚ್ಚುವ ಅಗುಳಿ) ಎತ್ತಲು ಬಿಗಿಯಾಯಿತಾ ಅಂತ ನೋಡುವ ಹಳೆಯ ಪದ್ಧತಿ ಇದೆ. ನೋಡಬೇಕು, ಆದರೆ ಅವು ಕಾಣುವ ಹೊತ್ತಿಗೆ ಎಷ್ಟೋ ಸಲ ಒತ್ತಡ ಗೆರೆ ದಾಟಿರುತ್ತದೆ. ವೇಗ ಬೇಗ ಹೇಳುತ್ತದೆ. ನಾನು ನೋಡಿದ ಲೆಕ್ಕದಲ್ಲಿ ಪರೀಕ್ಷೆಯ ಬ್ಯಾರೆಲ್ 24 ಇಂಚು, ನನ್ನದು 22. ಇಂಚಿಗೆ 20-25 ಅಡಿ ಅಂತ ಹಿಡಿದರೆ ನನಗೆ ಅವರಿಗಿಂತ 40-50 ಅಡಿ ಕಡಿಮೆ ಬರಬೇಕು. ಗಿಡ್ಡ ಬ್ಯಾರೆಲ್‌ನಲ್ಲೂ ಪುಸ್ತಕದ ಗರಿಷ್ಠ ವೇಗವೇ ಬಂದರೆ ಖುಷಿಪಡಬಾರದು, ಒತ್ತಡ ಪುಸ್ತಕದ ಗರಿಷ್ಠವನ್ನೂ ದಾಟಿರಬಹುದು ಅಂತ ಅರ್ಥ. ಅಲ್ಲೇ ನಿಲ್ಲಿಸಬೇಕು.

ಕನಿಷ್ಠದಿಂದ ಸಣ್ಣ ಸಣ್ಣ ಹೆಜ್ಜೆಯಲ್ಲಿ ಮೇಲೆ ಹೋದೆ. ಗರಿಷ್ಠಕ್ಕಿಂತ ಕೆಳಗೇ ಒಂದು ಕಡೆ ಗುಂಡುಗಳು ಒಟ್ಟಿಗೆ ಬಿದ್ದವು, ಅಲ್ಲಿಗೆ ಸಾಕು ಅಂದೆ. ಹಳೆಯ ಎಚ್4350 ಲೋಡಿಗಿಂತ ವೇಗ ಸ್ವಲ್ಪ ಕಡಿಮೆ. ಗುಂಡು ಬೀಳುವ ಜಾಗವೂ ಬದಲಾಗಿತ್ತು, ಸ್ಕೋಪ್ ಹೊಸದಾಗಿ ಹೊಂದಿಸಿದೆ. ಮದ್ದು ಬದಲಾಯಿಸಿ ಇದನ್ನು ಮಾಡದೆ ಕಾಡಿಗೆ ಹೋಗುವವರೂ ಇದ್ದಾರೆ.

ಮದ್ದು ಇಡುವ ವಿಷಯವೂ ಹೇಳಿಬಿಡುತ್ತೇನೆ. ಇಲ್ಲಿನ ಅಗ್ನಿ ಸುರಕ್ಷತಾ ನಿಯಮದ ಪ್ರಕಾರ ಮನೆಯಲ್ಲಿ ಮೂಲ ಡಬ್ಬಿಯಲ್ಲೇ 20 ಪೌಂಡ್‌ವರೆಗೆ ಇಡಬಹುದು. ಅದಕ್ಕಿಂತ ಜಾಸ್ತಿಯಾದರೆ ಒಂದು ಇಂಚು ದಪ್ಪ ಹಲಗೆಯ ಪೆಟ್ಟಿಗೆ ಬೇಕು. ತೂಗುವಾಗ ಮೇಜಿನ ಮೇಲೆ ಒಂದೇ ಡಬ್ಬಿ ಇರಬೇಕು, ಉಳಿದದ್ದು ಕಪಾಟಿನೊಳಗೆ. ಕೊರತೆಯ ಕಾಲದಲ್ಲಿ ಅರ್ಧ ಬಳಸಿದ ಡಬ್ಬಿಗಳು ಕೈಯಿಂದ ಕೈಗೆ ಹೋಗುತ್ತವೆ. ಪಕ್ಕದ ಮನೆಯವರು ಪ್ರೀತಿಯಿಂದಲೇ ಅಂಥದ್ದೊಂದು ಎಚ್4350 ಡಬ್ಬಿ ಕೊಡಲು ಬಂದಿದ್ದರು. ಬೇಡ ಅಂದೆ. ಡಬ್ಬಿಗೆ ಅಂಟಿಸಿದ ಚೀಟಿಯಲ್ಲಿ ಇರುವುದೇ ಒಳಗೂ ಇದೆ ಅಂತ ಸೀಲ್ ಒಡೆದ ಡಬ್ಬಿಯನ್ನು ನೋಡಿ ಹೇಳಲು ಸಾಧ್ಯವಿಲ್ಲ. ಅವರು ಸ್ವಲ್ಪ ಬೇಜಾರು ಮಾಡಿಕೊಂಡರು, ಆಮೇಲೆ ಒಟ್ಟಿಗೇ ಬೇಟೆಗೆ ಹೋದೆವು.