ಎಡಕ್ಕೆ ಬೀಳುತ್ತಿದ್ದ ಮೆನು ಬಲಕ್ಕೆ ಬಂತು

ಗೋಣಿಕೊಪ್ಪದಲ್ಲಿ ಬಿಡದ ಮಳೆ. ಕಾಫಿ ಕೊಯ್ಲಿನ ಹಳೇ ಕೂಲಿ ಲೆಕ್ಕ ಸರಿ ಮಾಡೋಣ ಅಂತ ಟಚ್ ಸ್ಕ್ರೀನ್ ಇರುವ ಲ್ಯಾಪ್‌ಟಾಪ್ ಹಿಡಿದು ಕೂತೆ. ವಿಂಡೋಸ್ 10. ಮೆನು ಒತ್ತಿದರೆ ಪಟ್ಟಿ ಬಲಕ್ಕೆ ಬರುವ ಬದಲು ಎಡಕ್ಕೆ ತೆರೆಯುತ್ತಿತ್ತು. ರೈಟ್ ಕ್ಲಿಕ್ ಮಾಡಿದರೂ ಅದೇ ಕಥೆ. ಕೈ ಬಲಕ್ಕೆ ಹೋಗಿ ಅಭ್ಯಾಸ ಅಲ್ವಾ, ತುಂಬಾ ಕಿರಿಕಿರಿ.

"ಮೌಸ್ ಕೆಟ್ಟಿರಬೇಕು, ಬೇರೆ ತರೋಣ" ಅಂದರು ಮಾವ. ಮೌಸ್ ತೆಗೆದು ಟಚ್‌ಪ್ಯಾಡ್‌ನಲ್ಲಿ ನೋಡಿದೆ. ಹಾಗೇ ಇತ್ತು. ಅಂದಮೇಲೆ ಮೌಸ್ ತಪ್ಪಲ್ಲ.

ಕಾರಣ ಬೇರೆಯೇ. ನಾವು ಬಲಗೈಯಲ್ಲಿ ಬರೆಯುವವರು ಅಂತ ಕಂಪ್ಯೂಟರ್ ಅಂದುಕೊಂಡಿರುತ್ತದೆ. ಸ್ಕ್ರೀನ್ ಮೇಲೆ ಬರೆಯುವ ಪೆನ್ ಹಿಡಿದ ಬಲಗೈ ಮೆನುವನ್ನು ಮುಚ್ಚಬಾರದು ಅಂತ ಅದನ್ನು ಎಡಕ್ಕೆ ತೆರೆಯುತ್ತದೆ. ಪೆನ್ನಿಗೆ ಇದು ಒಳ್ಳೆಯ ಯೋಚನೆ, ಮೌಸ್‌ಗೆ ಅಲ್ಲ.

ಸೆಟ್ಟಿಂಗ್ಸ್, ಡಿವೈಸಸ್, ಪೆನ್ ಅಂಡ್ ವಿಂಡೋಸ್ ಇಂಕ್‌ಗೆ ಹೋದೆ. ಯಾವ ಕೈಯಲ್ಲಿ ಬರೆಯುತ್ತೀರಿ ಅನ್ನುವ ಕಡೆ 'ರೈಟ್ ಹ್ಯಾಂಡ್' ಇತ್ತು. 'ಲೆಫ್ಟ್ ಹ್ಯಾಂಡ್' ಮಾಡಿದೆ. ತೆರೆದಿದ್ದ ಲೆಕ್ಕದ ಫೈಲ್ ಮುಚ್ಚಿ ಮತ್ತೆ ತೆರೆದೆ. ಮೆನು ಬಲಕ್ಕೆ!

ಅದೇ ಹೊತ್ತಿಗೆ ಇನ್ನೊಂದು ಕೆಲಸವನ್ನೂ ಮಾಡಿದೆ. ಮಾವನ ಬೆರಳು ನಿಧಾನ, ಡಬಲ್ ಕ್ಲಿಕ್ ಹಿಡಿಯುತ್ತಿರಲಿಲ್ಲ. ಮೌಸ್ ಪ್ರಾಪರ್ಟೀಸ್‌ನಲ್ಲಿ ಡಬಲ್ ಕ್ಲಿಕ್ ಸ್ಪೀಡನ್ನು 'ಸ್ಲೋ' ಕಡೆ ಎಳೆದೆ. ಪಕ್ಕದ ಫೋಲ್ಡರ್ ಚಿತ್ರದ ಮೇಲೆ ಅವರಿಂದಲೇ ಒತ್ತಿಸಿ ನೋಡಿದೆ. ಎರಡನೇ ಸಲಕ್ಕೇ ಫೋಲ್ಡರ್ ತೆರೆಯಿತು. ಈಗ ಲೆಕ್ಕ ಅವರೇ ತೆಗೆದು ನೋಡುತ್ತಾರೆ.