ಡ್ರಾಪ್ಸ್ ಹಾಕುವ ಮೊದಲು ನಾನು ನೋಡುವುದೇನು

ದೃಷ್ಟಿ ಕಡಿಮೆಯಾಗಿದೆ ಅಂತ ಬಂದವರಿಗೆ ಮೊದಲೇ ಡ್ರಾಪ್ಸ್ ಹಾಕಿ ಕೂರಿಸಿದರೆ ಡಾಕ್ಟರಿಗೆ ಸಮಯ ಉಳಿಯುತ್ತದೆ. ಪಾಪೆ ಅಗಲವಾಗಿ ಒಳಗಿನ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ಚೆನ್ನಾಗಿ ಕಾಣುತ್ತದೆ. ಆದರೂ ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಒಮ್ಮೆ ಅಗಲವಾದ ಪಾಪೆ ಮುಂದಿನ ಕೆಲವು ಗಂಟೆ ಬೆಳಕಿಗೆ ಸರಿಯಾಗಿ ಕುಗ್ಗುವುದಿಲ್ಲ. ನನಗೆ ಬೇಕಾದ ದೊಡ್ಡ ಸುಳಿವು ಆ ಕುಗ್ಗುವಿಕೆಯಲ್ಲೇ ಇರುತ್ತದೆ.

ಶುರುವಾಗುವುದು ಮಾತಿನಿಂದ. ಒಂದು ಕಣ್ಣಾ, ಎರಡೂನಾ? ನೋವಿದೆಯಾ? ನಿಧಾನಕ್ಕೆ ಮಂದವಾಯಿತಾ, ದಿಢೀರನೆಯಾ? 'ದಿಢೀರನೆ' ಎಂಬ ಉತ್ತರವನ್ನು ನಾನು ಹಾಗೇ ನಂಬುವುದಿಲ್ಲ. 'ಅದು ಹೇಗೆ ಗೊತ್ತಾಯಿತು?' ಅಂತ ಕೇಳುತ್ತೇನೆ. ಒಂದು ಕಣ್ಣಿಗೆ ಕಸ ಬಿದ್ದು ಉಜ್ಜಿಕೊಳ್ಳುವಾಗ ಇನ್ನೊಂದು ಮಂದ ಅಂತ ತಿಳಿಯಿತು ಎನ್ನುವವರು ಬಹಳ ಜನ. ಅಂದರೆ ತೊಂದರೆ ಹಳೆಯದು, ಗೊತ್ತಾಗಿದ್ದು ಮಾತ್ರ ಈಗ. ನಿಜವಾಗಿಯೂ ನಿಮಿಷಗಳಲ್ಲಿ ನೋವಿಲ್ಲದೆ ಕತ್ತಲಾಗಿದ್ದರೆ ಕಥೆಯೇ ಬೇರೆ. ರೆಟಿನಾದ ರಕ್ತನಾಳ ಕಟ್ಟಿಕೊಂಡಿರಬಹುದು. ಅದನ್ನು ಪಾರ್ಶ್ವವಾಯುವಿನಷ್ಟೇ ತುರ್ತು ಅಂತ ನೋಡಬೇಕು. ಮಿಂಚು ಹೊಳೆದು, ಕಪ್ಪು ಚುಕ್ಕೆ ತೇಲಿ, ಆಮೇಲೆ ಪರದೆ ಇಳಿದಂತಾಯಿತು ಅಂದರೆ ರೆಟಿನಾ ಕಳಚಿರುವ ಅನುಮಾನ.

50 ದಾಟಿದವರಲ್ಲಿ ದೃಷ್ಟಿ ಹಠಾತ್ತನೆ ಹೋಗಿದ್ದರೆ ಇನ್ನೆರಡು ಪ್ರಶ್ನೆ ಸೇರಿಸುತ್ತೇನೆ. ಅಗಿಯುವಾಗ ದವಡೆ ನೋಯುತ್ತದೆಯಾ? ತಲೆ ಬಾಚುವಾಗ ನೆತ್ತಿ ನೋಯುತ್ತದೆಯಾ? ಕಣ್ಣಿನ ಡಾಕ್ಟರ್ ದವಡೆ ಯಾಕೆ ಕೇಳುತ್ತಾರೆ ಅಂತ ಜನ ನಗುತ್ತಾರೆ. ಹೌದು ಅಂದರೆ ರಕ್ತನಾಳದ ಉರಿಯೂತ, ಅಂದರೆ ಜೈಂಟ್ ಸೆಲ್ ಆರ್ಟರೈಟಿಸ್ ಇರಬಹುದು. ಅವತ್ತೇ ರಕ್ತಪರೀಕ್ಷೆಗೆ ಕೊಟ್ಟು ಅವತ್ತೇ ಸ್ಟೀರಾಯ್ಡ್ ಶುರು ಮಾಡುತ್ತೇನೆ. ಬಯಾಪ್ಸಿ ವರದಿಗೆ ಕಾದರೆ ಅಷ್ಟರಲ್ಲಿ ಇನ್ನೊಂದು ಕಣ್ಣೂ ಹೋಗಬಹುದು.

ಆಮೇಲೆ ಅಕ್ಷರದ ಚಾರ್ಟ್. ಒಂದೊಂದೇ ಕಣ್ಣು ಮುಚ್ಚಿಸಿ ಓದಿಸುತ್ತೇನೆ. ಬೆರಳಿನ ಸಂದಿಯಿಂದ ಇಣುಕುವವರು ಇದ್ದೇ ಇರುತ್ತಾರೆ, ಹಾಗಾಗಿ ಮುಚ್ಚುವುದಕ್ಕೆ ಕೈ ಬೇಡ ಅಂತೀನಿ. ಸಾಲು ಕಾಣದಿದ್ದರೆ ಸಣ್ಣ ತೂತಿನ ಪಿನ್‌ಹೋಲ್ ಹಿಡಿಸುತ್ತೇನೆ. ಕೂಡಲೇ ಎರಡು ಸಾಲು ಜಾಸ್ತಿ ಓದಿದರೆ ಬಹುತೇಕ ಕನ್ನಡಕದ ವಿಷಯ. ಏನೂ ಬದಲಾಗದಿದ್ದರೆ ಪೊರೆ, ರೆಟಿನಾ ಅಥವಾ ಕಣ್ಣಿನಿಂದ ಮಿದುಳಿಗೆ ಹೋಗುವ ನರದ ತೊಂದರೆ.

ಈಗ ಟಾರ್ಚು. ಕೋಣೆ ಮಬ್ಬು ಮಾಡಿ, ದೂರ ನೋಡಲು ಹೇಳಿ, ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸರಿಸುತ್ತೇನೆ. ಪ್ರತಿ ಕಣ್ಣಿನ ಮೇಲೆ ಎರಡು ಮೂರು ಸೆಕೆಂಡು. ಎರಡೂ ಕಣ್ಣು ಸರಿ ಇದ್ದರೆ ಪಾಪೆಗಳು ಸಣ್ಣದಾಗಿಯೇ ಉಳಿಯುತ್ತವೆ. ಒಂದು ಕಡೆಯ ನರ ಕೆಟ್ಟಿದ್ದರೆ, ಬೆಳಕು ಆ ಕಣ್ಣಿಗೆ ಬಂದಾಗ ಪಾಪೆ ಕುಗ್ಗುವ ಬದಲು ಹಿಗ್ಗುತ್ತದೆ. ಇದಕ್ಕೆ ರೋಗಿಯ ಉತ್ತರವೇ ಬೇಡ. ಸುಮ್ನೆ ಕಾಣುವುದಿಲ್ಲ ಅನ್ನುವವರು ಯಾರು ಅನ್ನುವುದಕ್ಕೂ ಇಲ್ಲೇ ಮೊದಲ ಸುಳಿವು ಸಿಗುತ್ತದೆ. ಪೊರೆ ಎಷ್ಟೇ ಗಟ್ಟಿಯಾಗಿದ್ದರೂ ಅದೊಂದರಿಂದಲೇ ಪಾಪೆ ಹೀಗೆ ಆಡುವುದಿಲ್ಲ. ಹಾಗಾಗಿ ಪೊರೆ ತೆಗೆಯಿರಿ ಅಂತ ಬಂದವರಲ್ಲಿ ಈ ಲಕ್ಷಣ ಕಂಡರೆ, ಆಪರೇಷನ್ ಚೆನ್ನಾಗಿ ಆದರೂ ದೃಷ್ಟಿ ಪೂರ್ತಿ ಬಾರದಿರಬಹುದು ಅಂತ ಮೊದಲೇ ಹೇಳುತ್ತೇನೆ. ಒಂದು ಮಿತಿಯಿದೆ. ಎರಡೂ ನರ ಸಮನಾಗಿ ಹಾಳಾಗಿದ್ದರೆ ಟಾರ್ಚಿಗೆ ಏನೂ ಗೊತ್ತಾಗುವುದಿಲ್ಲ.

ಡ್ರಾಪ್ಸಿಗೆ ಮುಂಚೆ ಇನ್ನೊಂದು ಕೆಲಸ ಇದೆ. ಕಣ್ಣಿನ ಒಳನೀರು ಹೊರಗೆ ಹರಿಯುವ ಕೋನ ಕಿರಿದಾಗಿದೆಯಾ ಅಂತ ನೋಡಬೇಕು. ಕಿರಿದಾಗಿದ್ದರೆ ಪಾಪೆ ಹಿಗ್ಗಿಸಿದಾಗ ಅದು ಮುಚ್ಚಿಕೊಂಡು ಒತ್ತಡ ಏರಬಹುದು. ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯೂ ಆಗುತ್ತದೆ. ಹೊಟ್ಟೆಯ ತೊಂದರೆ ಅಂದುಕೊಂಡು ಬೇರೆ ಕಡೆ ಸುತ್ತಿ ಬರುವವರು ಇವರೇ. ಒತ್ತಡವನ್ನೂ ಆಗಲೇ ಅಳೆಯುತ್ತೇನೆ. 10ರಿಂದ 21 (ಮಿ.ಮೀ. ಪಾದರಸ) ಸಾಮಾನ್ಯ ಅಂತಾರೆ. ನನಗೆ ಆ ಅಂಕಿಯ ಮೇಲೆ ಅಷ್ಟು ಭರವಸೆ ಇಲ್ಲ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಳ್ಳಗಿದ್ದರೆ ಅಳತೆ ಕಡಿಮೆ ತೋರಿಸುತ್ತದೆ. ಒತ್ತಡ ಸಾಮಾನ್ಯವಿದ್ದೂ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಆಗುವವರಿದ್ದಾರೆ.

ಇಷ್ಟಾದ ಮೇಲೆ ಡ್ರಾಪ್ಸ್. ರೆಟಿನಾ ಮತ್ತು ನರದ ತಲೆಯನ್ನು ನೋಡುತ್ತೇನೆ. 1851ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಗನ್ನು ನೋಡುವ ಸಾಧನ ಆಫ್ತಾಲ್ಮೋಸ್ಕೋಪ್ ಪರಿಚಯಿಸಿದ ಮೇಲೆ ಇದು ದಿನನಿತ್ಯದ ಕೆಲಸವಾಯಿತು. ಸ್ಕ್ಯಾನ್, ಸುತ್ತಲಿನ ನೋಟ ಎಷ್ಟಿದೆ ಅಂತ ಅಳೆಯುವ ಫೀಲ್ಡ್ ಟೆಸ್ಟ್ ಬೇಕಾದವರಿಗೆ ಮಾತ್ರ.

ಚಿಕಿತ್ಸೆಯಲ್ಲಿ ನನಗೆ ಹೆಚ್ಚು ಸಮಯ ಹಿಡಿಯುವುದು ಆಪರೇಷನ್ ಅಲ್ಲ, ಗ್ಲಾಕೋಮಾದ ಡ್ರಾಪ್ಸ್ ಹಾಕುವುದನ್ನು ಕಲಿಸುವುದು. ಈ ಔಷಧಿ ಹೋದ ದೃಷ್ಟಿಯನ್ನು ತರುವುದಿಲ್ಲ, ಇರುವುದನ್ನು ಉಳಿಸುತ್ತದೆ ಅಷ್ಟೇ. ಹಾಕಿದರೂ ಬಿಟ್ಟರೂ ಒಂದೇ ಥರ ಕಾಣುವಾಗ ಯಾರಾದರೂ ಬಿಟ್ಟೇ ಬಿಡ್ತಾರೆ ಅಲ್ವಾ? ಅದಕ್ಕೇ ನನ್ನೆದುರೇ ಒಮ್ಮೆ ಹಾಕಿ ತೋರಿಸಿ ಅಂತೀನಿ. ಹನಿ ಕೆನ್ನೆಗೆ ಬೀಳುತ್ತದೆ, ಬಾಟಲಿಯ ತುದಿ ರೆಪ್ಪೆಗೆ ತಾಗುತ್ತದೆ. ಒಂದು ಹನಿ ಸಾಕು, ಕಣ್ಣಿಗೆ ಅದಕ್ಕಿಂತ ಹಿಡಿಯುವುದಿಲ್ಲ. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿದರೆ ಔಷಧಿ ರಕ್ತಕ್ಕೆ ಸೇರುವುದು ಕಡಿಮೆ. ಆಸ್ತಮಾ ಇರುವವರಿಗೆ ಟಿಮೊಲಾಲ್ ಎಂಬ ಗ್ಲಾಕೋಮಾ ಹನಿ ಬರೆಯುವುದಿಲ್ಲ, ಉಸಿರಿಗೆ ತೊಂದರೆಯಾದೀತು. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ ಅಂತೀನಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಹೊರಡುವಾಗ ಅಣ್ಣ, ತಂಗಿ, ಮಕ್ಕಳನ್ನೂ ಪರೀಕ್ಷೆಗೆ ಕಳಿಸಿ ಅಂತ ಚೀಟಿಯ ಮೇಲೆ ಬರೆದುಕೊಡುತ್ತೇನೆ. ಗ್ಲಾಕೋಮಾ ಮನೆತನದಲ್ಲಿ ಬರುತ್ತದೆ. ಬಾಯಲ್ಲಿ ಹೇಳಿದರೆ ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ.